ಹಚ್ಚೆ, ಸೂಜಿ, ಅರಿಶಿನ: ಗಡಿಸೀಮೆಯ ಒಂದು ಮರೆತ ಶುಶ್ರೂಷೆಯ ಚರಿತ್ರೆ

ಗದ್ವಾಲದ ಕೋಟೆಯನ್ನು ಕುರಿತು ಬರೆದವರು ಅನೇಕರಿದ್ದಾರೆ. ನಾರಾಯಣಪೇಟೆಯ ಸೀರೆಯ ಅಂಚು, ಮಕ್ತಲಿನ ಪಡಮಟಿ ಆಂಜನೇಯನ ಜಾತ್ರೆ, ಕೃಷ್ಣೆಗೆ ಭೀಮೆ ಬಂದು ಸೇರುವ ಸಂಗಮ, ಇವುಗಳ ಮೇಲೂ ವಿದ್ವಾಂಸರ ಲೇಖನಿ ಆಡಿದೆ. ಈ ಸಂಚಿಕೆಗಾಗಿ ಇತಿಹಾಸ ವಿಷಯಕ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ, ಶಾಸನಗಳನ್ನು ಓದಬಲ್ಲ ಪಾಂಡಿತ್ಯ ನಮ್ಮಲ್ಲಿ ಇಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಂಡೆವು. ಆದರೆ ಕಲ್ಲಿನ ಮೇಲಲ್ಲದೆ ಚರ್ಮದ ಮೇಲೆ ಬರೆದ ಬರಹವೊಂದು ನಮ್ಮ ಮನೆಮನೆಯಲ್ಲಿ ಇತ್ತು. ಅಜ್ಜಿಯರ ಮುಂಗೈಯಲ್ಲಿ, ಗಲ್ಲದಲ್ಲಿ, ಹಣೆಯಲ್ಲಿ ಹಸಿರುಗಪ್ಪಾಗಿ ಉಳಿದಿದ್ದ ಹಚ್ಚೆ ಅದು. ಹಚ್ಚೆಯ ಚಿತ್ತಾರಗಳನ್ನು ಕುರಿತು ಜಾನಪದ ವಿದ್ವಾಂಸರು ಸಾಕಷ್ಟು ಹೇಳಿದ್ದಾರೆ. ಆ ಚಿತ್ತಾರ ಮೂಡುವುದಕ್ಕೆ ಮುನ್ನ ಅಲ್ಲೊಂದು ಗಾಯವಿತ್ತು, ಆ ಗಾಯವನ್ನು ಯಾರೋ ಮಾಯಿಸಿದ್ದರು ಎಂಬುದನ್ನು ಹೇಳಿದವರು ಕಡಿಮೆ. ಆ ಗಾಯದ ಚರಿತ್ರೆಯೇ ಇಲ್ಲಿಯ ವಿಷಯ.

ಮೊದಲು ಶಬ್ದದ ಮಾತು. ನಮ್ಮ ಸೀಮೆಯ ಆಡುಮಾತಿನಲ್ಲಿ ಇದು 'ಹಚ್ಚಿ'. 'ಹಚ್ಚು' ಎಂಬ ಕ್ರಿಯಾಪದದಿಂದ, ಅಂದರೆ ಲೇಪಿಸು ಎಂಬರ್ಥದಿಂದ ಇದು ಬಂತೆಂದು ಹಲವರು ತಿಳಿಯುತ್ತಾರೆ. ಆದರೆ ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದು ನಮ್ಮ ವಿದ್ಯಾರ್ಥಿಗಳೂ ಬಲ್ಲ ನಿಯಮ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಚ್ಚೆ ಹಚ್ಚೆಯಾಯಿತು. ಪಚ್ಚೆಯೆಂದರೆ ಹಸಿರು. ನೆರೆಯ ತೆಲುಗಿನಲ್ಲಿ ಇಂದಿಗೂ ಇದು 'ಪಚ್ಚಬೊಟ್ಟು', ಹಸಿರು ಬೊಟ್ಟು. ಎರಡು ಭಾಷೆಗಳ ನಡುವೆ ಬಾಳಿದ ನಮಗೆ ಇಂಥ ಸಾಕ್ಷ್ಯಗಳು ಮನೆಯ ಹೊಸ್ತಿಲಲ್ಲಿಯೇ ದೊರೆಯುತ್ತವೆ. ಹಾಕುವುದು ಕಪ್ಪು ಮಸಿ, ಕಾಣುವುದು ಹಸಿರುಗಪ್ಪು. ಚರ್ಮದ ಅಡಿಯಲ್ಲಿರುವ ಕಪ್ಪನ್ನು ನಾವು ಚರ್ಮದ ಮೂಲಕವೇ ನೋಡುವುದರಿಂದ ಬೆಳಕು ಚದರಿ ಬಣ್ಣ ಹಾಗೆ ಕಾಣುತ್ತದೆಂದು ವಿಜ್ಞಾನ ಹೇಳುತ್ತದೆ.

ಈ ಸೀಮೆಯ ಗಡಿಗಳನ್ನು ಕಾಗದದ ಮೇಲೆ ಹಲವು ಬಾರಿ ಎಳೆದಿದ್ದಾರೆ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ, ಮಹಬೂಬನಗರ ಜಿಲ್ಲೆಗೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಇಷ್ಟೆಲ್ಲ ಆದರೂ ಗುಡೆಬಲ್ಲೂರಿನ ಹೆಣ್ಣು ರಾಯಚೂರಿಗೆ ಸೊಸೆಯಾಗಿ ಹೋಗುವುದು ನಿಲ್ಲಲಿಲ್ಲ. ಹಾಗೆಯೇ ಹೊಳೆಯ ಆಚೆ ಈಚೆ ಎನ್ನದೆ, ಕನ್ನಡ ತೆಲುಗು ಎನ್ನದೆ, ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದ ಹೆಂಗಸರ ಸಂಚಾರವೂ ನಿಲ್ಲಲಿಲ್ಲ. ಕನ್ನಡದಲ್ಲಿ ಅವರು ಕೊರವಂಜಿಯರು, ಕೊರವರು, ತೆಲುಗಿನಲ್ಲಿ ಎರುಕಲರು. ಬುಟ್ಟಿ ಹೆಣೆಯುವುದು, ಕಸಬರಿಗೆ ಕಟ್ಟುವುದು, ಕಣಿ ಹೇಳುವುದು, ಹಚ್ಚೆ ಹಾಕುವುದು ಇವರ ಕುಲದ ಕಸುಬುಗಳು.

ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ವಿದ್ವಾಂಸನು 1906ರ ತನ್ನ ಗ್ರಂಥದಲ್ಲಿಯೂ, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳಲ್ಲಿಯೂ ಈ ಹೆಂಗಸರ ಹಚ್ಚೆಯ ಕಸುಬನ್ನು ದಾಖಲಿಸಿದ್ದಾನೆ. ಅದೇ ಕಾಲದಲ್ಲಿ ಅದೇ ಸರಕಾರವು ಈ ಜನವರ್ಗವನ್ನು ಇನ್ನೊಂದು ಪುಸ್ತಕದಲ್ಲಿಯೂ ದಾಖಲಿಸುತ್ತಿತ್ತೆಂಬುದನ್ನು ಮರೆಯಲಾಗದು. 1871ರ ಅಪರಾಧಿ ಬುಡಕಟ್ಟುಗಳ ಕಾನೂನು 1911ರ ತಿದ್ದುಪಡಿಯ ನಂತರ ಮದರಾಸು ಪ್ರಾಂತಕ್ಕೂ ವ್ಯಾಪಿಸಿ, ಎರುಕಲರಲ್ಲಿ ಅನೇಕರನ್ನು ಹುಟ್ಟಿನಿಂದಲೇ ಕಳ್ಳರೆಂದು ಠಾಣೆಯ ಪಟ್ಟಿಗೆ ಸೇರಿಸಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾನೂನನ್ನು ರದ್ದುಪಡಿಸಿತು. ಆದರೆ ಸಂಶಯ ರದ್ದಾಗಲಿಲ್ಲ. ನಮ್ಮ ಬಾಲ್ಯದಲ್ಲಿಯೂ ಕೊರವಮ್ಮ ಅಂಗಳಕ್ಕೆ ಬಂದರೆ ಹಿತ್ತಲ ಬಾಗಿಲು ಹಾಕಿ ಬರುವಂತೆ ಮಕ್ಕಳಿಗೆ ಹೇಳುತ್ತಿದ್ದರು. ಬಾಗಿಲು ಹಾಕಿಸಿದ ಕೈಯನ್ನೇ ಆಕೆಯ ಮುಂದೆ ಚಾಚಿ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಕಳ್ಳಿಯೆಂದು ಕರೆಸಿಕೊಂಡವಳ ಬಳಿ ವೈದ್ಯದ ತಿಳಿವಳಿಕೆಯೂ ಇದ್ದೀತೆಂದು ಆಗ ಯಾರಿಗೂ ತೋಚಲಿಲ್ಲ.

ನಾವು ಕಣ್ಣಾರೆ ಕಂಡದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಆಗ ನಮಗೆ ಏಳೆಂಟು ವರ್ಷ. ನಮ್ಮ ಅಕ್ಕನ ಲಗ್ನ ನಿಶ್ಚಯವಾಗಿತ್ತು. ಹಚ್ಚೆಯಿಲ್ಲದ ಕೈಯಲ್ಲಿ ಅತ್ತೆಯ ಮನೆಯವರು ನೀರು ಮುಟ್ಟುವುದಿಲ್ಲವೆಂದು ಅಜ್ಜಿಯ ವಾದ. ಒಡವೆಗಳನ್ನೆಲ್ಲ ಮಸಣದಲ್ಲಿ ಕಳಚಿಕೊಳ್ಳುತ್ತಾರೆ, ಜೊತೆಯಲ್ಲಿ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ಆಕೆಯದು. ಈ ನಂಬಿಕೆ ಭಾರತದ ಬಹುಭಾಗದ ಹೆಂಗಸರಲ್ಲಿ ಇದ್ದದ್ದೇ. ಮಾಗಿಯ ಒಂದು ಬೆಳಿಗ್ಗೆ ಕೊರವಮ್ಮ ಬಂದಳು. ಬೇಸಗೆಯಲ್ಲಿ ಆಕೆ ಹಚ್ಚೆ ಹಾಕಲು ಒಪ್ಪುತ್ತಿರಲಿಲ್ಲವಂತೆ. ಬೆವರಿಗೆ ಗಾಯ ಹಸಿಯಾಗಿಯೇ ಉಳಿಯುತ್ತದೆ, ಮಳೆಗಾಲದಲ್ಲಿ ನೊಣ ಕೂರುತ್ತದೆ ಎಂದು ಆಕೆಯ ಲೆಕ್ಕ.

ಮಸಿಯನ್ನು ಆಕೆ ಮನೆಯಲ್ಲಿಯೇ ಮಾಡಿ ತಂದಿದ್ದಳು. ಅದನ್ನು ಮಾಡುವ ಬಗೆ ದಕ್ಷಿಣದಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಅರಿಶಿನದ ಪುಡಿಯನ್ನೂ ಅಗಸೆ ಮರದ ಎಲೆಯನ್ನೂ ಅರೆದು ಬಟ್ಟೆಗೆ ಬಳಿದು ಬತ್ತಿ ಹೊಸೆಯುವುದು. ಹರಳೆಣ್ಣೆಯ ಹಣತೆಯಲ್ಲಿ ಅದನ್ನು ಉರಿಸಿ, ಮೇಲೆ ಹೊಸ ಮಡಕೆಯನ್ನು ಬೋರಲು ಹಾಕಿ, ಒಳಮೈಗೆ ಕಟ್ಟಿದ ಕಾಡಿಗೆಯನ್ನು ಕೆರೆದುಕೊಳ್ಳುವುದು. (ನಮ್ಮಲ್ಲಿ ಅಗಸಿಯೆಂದರೆ ಚಟ್ನಿಪುಡಿಯ ಅಗಸಿ ಬೀಜ ಎಂದು ತಿಳಿಯುವವರೇ ಹೆಚ್ಚು. ಇದು ಬೇರೆ, ವೀಳ್ಯದೆಲೆಯ ತೋಟಗಳಲ್ಲಿ ಬಳ್ಳಿ ಹಬ್ಬಿಸಲು ನೆಡುವ ಮರ, ತೆಲುಗರ ಅವಿಸೆ.) ಈ ಕಾಡಿಗೆಯನ್ನು ನೀರಿನಲ್ಲಿಯೋ ತಾಯಿಹಾಲಿನಲ್ಲಿಯೋ ಕಲಸುತ್ತಿದ್ದರು. ಉರಿಯಲ್ಲಿ ಹುಟ್ಟಿ ಹೊಸ ಮಡಕೆಯಲ್ಲಿ ಕೂತ ಕಾಡಿಗೆ ತಕ್ಕಮಟ್ಟಿಗೆ ನಿರ್ಮಲವಾದದ್ದೇ. ಕಲಸಿದ ನೀರಿನ ಮಾತು ಬೇರೆ. ಅದು ಬಾವಿಯದೋ ಹಳ್ಳದ್ದೋ, ಕುದಿಸಿದ್ದಂತೂ ಅಲ್ಲ.

ಸೂಜಿಗಳ ವಿಷಯದಲ್ಲಿ ಅಜ್ಜಿಯದು ಕಟ್ಟುನಿಟ್ಟು. ಊರಿನವರನ್ನೆಲ್ಲ ಚುಚ್ಚಿದ ಸೂಜಿ ನಮ್ಮ ಹುಡುಗಿಗೆ ತಾಕಬಾರದೆಂದು ಪೇಟೆಯಿಂದ ಹೊಸ ಸೂಜಿಗಳನ್ನು ತರಿಸಿ, ಹೊಸ ಸೀರೆಯ ದಾರವನ್ನು ಎಳೆದು ಕೊಟ್ಟಳು. ಕೊರವಮ್ಮ ನಾಲ್ಕು ಸೂಜಿಗಳನ್ನು ಮೊನೆ ಸಮನಾಗುವಂತೆ ಜೋಡಿಸಿ ಬಿಗಿದಳು. ಅದು ಮಡಿಯ ಕಾರಣದಿಂದ ಮಾಡಿದ ಏರ್ಪಾಡೇ ಹೊರತು ಆರೋಗ್ಯದ ಕಾರಣದಿಂದಲ್ಲ. ಕಡ್ಡಿಯಿಂದ ತುಳಸಿಕಟ್ಟೆಯ ಚಿತ್ರ ಬರೆದು, ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಚುಚ್ಚತೊಡಗಿದಳು. ಅಕ್ಕ ಅಳುವಾಗ ಹಾಡು. ಅಕ್ಕ ಸುಮ್ಮನಾದಾಗ ಹಾಡೂ ಸುಮ್ಮನೆ. ಬಾಗಿಲಾಚೆ, ಅಂಗಳದ ಅಂಚಿನಲ್ಲಿ, ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವರ ಮಗಳೊಬ್ಬಳು, ಅಕ್ಕನ ಓರಗೆಯವಳು, ಕಡೆಯವರೆಗೂ ನಿಂತು ನೋಡುತ್ತಿದ್ದಳು.

ಚುಚ್ಚುವುದು ಒಂದು ತಾಸಿನ ಕೆಲಸ. ನಮಗೆ ಹೆಚ್ಚು ನೆನಪಿರುವುದು ಅದರ ಆಮೇಲಿನದು. ತಣ್ಣೀರಿನಿಂದ ರಕ್ತವನ್ನು ಒರೆಸಿ, ಮನೆಯಲ್ಲಿಯೇ ಕುಟ್ಟಿದ ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ ತೆಳುವಾಗಿ ಹಚ್ಚಿದಳು. ಆಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಹೇಳಿದಳು: "ಏಳ್ ದಿನ ಈ ಕೈ ಕೆಲಸಕ್ಕ ಇಲ್ಲ ಅಂತ ತಿಳೀರಿ ಅಮ್ಮಾರ. ಪಾತ್ರಿ ತಿಕ್ಕಿಸಬ್ಯಾಡ್ರಿ, ಸಗಣಿ ಮುಟ್ಟಿಸಬ್ಯಾಡ್ರಿ, ಹೊಳೀಗೆ ಕಳಿಸಬ್ಯಾಡ್ರಿ. ಕೆರೀತಾಳ, ಕೆರೀಲಿಕ್ಕೆ ಬಿಡಬ್ಯಾಡ್ರಿ. ಹಪ್ಪಳಿ ತಾನಾಗೇ ಬೀಳಬೇಕು." ಬದನೆಕಾಯಿ ಬೇಡ, ಹುಳಿ ಬೇಡ ಎಂಬ ಪಥ್ಯವೂ ಇತ್ತು. ಎಂಟನೆಯ ದಿನ ಕರೆಯದೆಯೇ ಬಂದಳು. ಅಕ್ಕನ ಕೈಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನ ಹಿಂಬದಿಯಿಂದ ಬಿಸಿಯಿದೆಯೇ ಎಂದು ಮುಟ್ಟಿ ನೋಡಿದಳು. ಒಂದು ಮೊರ ಜೋಳ, ಒಂದು ಹಳೆಯ ಸೀರೆ, ಆ ನಾಲ್ಕು ಸೂಜಿಗಳು, ಇಷ್ಟು ಆಕೆಯ ಸಂಭಾವನೆ.

ಇಂದಿನ ಜ್ಞಾನದ ಬೆಳಕಿನಲ್ಲಿ ಈ ಶುಶ್ರೂಷೆಯನ್ನು ಪರೀಕ್ಷಿಸಿದರೆ ಏನು ಕಾಣುತ್ತದೆ? ನಮ್ಮ ಚರ್ಮದ ಹೊರಪದರ ಸುಮಾರು ಒಂದು ತಿಂಗಳಲ್ಲಿ ಕಳಚಿ ಹೊಸದಾಗುತ್ತದೆ. ಮಸಿ ಅಲ್ಲಿ ನಿಂತರೆ ಅದರೊಡನೆ ಉದುರಿಹೋಗುತ್ತದೆ. ಹಚ್ಚೆ ಉಳಿಯಬೇಕಾದರೆ ಸೂಜಿ ಒಳಪದರವನ್ನು, ಅಂದರೆ ಒಂದೆರಡು ಮಿಲಿಮೀಟರ್ ಆಳವನ್ನು ಮುಟ್ಟಬೇಕು. ಅಲ್ಲಿ ಸೇರಿದ ಮಸಿಯ ಕಣಗಳನ್ನು ಶರೀರ ಶತ್ರುವೆಂದೇ ಭಾವಿಸಿ, ಅದರ ಭಕ್ಷಕ ಜೀವಕೋಶಗಳು ನುಂಗುತ್ತವೆ, ಅರಗಿಸಲಾರವು. ಆ ಕೋಶಗಳು ಸತ್ತಾಗ ಹೊಸ ಕೋಶಗಳು ಬಂದು ಅದೇ ಮಸಿಯನ್ನು ಮತ್ತೆ ನುಂಗುತ್ತವೆಂದು ಫ್ರಾನ್ಸಿನ ಮಾರ್ಸೇಯ್ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಹಾಗಾದರೆ ಹಚ್ಚೆಯೆಂಬುದು ಶರೀರವು ಆಯುಷ್ಯಪೂರ್ತಿ ಹೊತ್ತು ನಿಲ್ಲುವ ಒಂದು ಕಾವಲು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನ ಶವದ ಮೇಲೆ 61 ಹಚ್ಚೆಯ ಗೆರೆಗಳು ಹಾಗೆಯೇ ಉಳಿದಿದ್ದವು.

ಇಷ್ಟು ಆಳಕ್ಕೆ ಹೋದದ್ದು ಮಸಿ ಮಾತ್ರವೇ ಆಗಿದ್ದರೆ ಚಿಂತೆಯಿರಲಿಲ್ಲ. ನೂರಾರು ಚುಚ್ಚುಗಳೆಂದರೆ ನೂರಾರು ಬಾಗಿಲುಗಳು. ಅವು ಮುಚ್ಚುವವರೆಗೆ ಸಗಣಿ, ಹೊಳೆಯ ನೀರು, ಉಗುರು, ಇವನ್ನು ದೂರವಿಡಬೇಕೆಂಬ ಕೊರವಮ್ಮನ ಮಾತು ಅಕ್ಷರಶಃ ಸರಿ. ಧನುರ್ವಾಯುವಿನ ಬೀಜಾಣುಗಳು ಸಗಣಿ ಮಣ್ಣುಗಳಲ್ಲಿಯೇ ಇರುತ್ತವೆ. ಹಪ್ಪಳೆಯನ್ನು ಕಿತ್ತರೆ ಮಸಿಯೂ ಕಿತ್ತುಬರುತ್ತದೆ, ಗಾಯವೂ ಹೊಸದಾಗುತ್ತದೆ. ಬಿಸಿಯನ್ನು ಮುಟ್ಟಿ ನೋಡುವುದು ಯಾವ ವೈದ್ಯನೂ ಮಾಡುವ ಪರೀಕ್ಷೆ. ಬದನೆಕಾಯಿಯ ಪಥ್ಯಕ್ಕೆ ಮಾತ್ರ ನಾವು ಆಧಾರ ಕಾಣೆವು. ಅರಿಶಿನದ ವಿಷಯವನ್ನು ಜಗತ್ತೇ ಒಮ್ಮೆ ಚರ್ಚಿಸಿದೆ. ಗಾಯಕ್ಕೆ ಅರಿಶಿನ ಹಚ್ಚುವುದನ್ನು ತಮ್ಮ ಶೋಧವೆಂದು ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೇಂದ್ರದವರು 1995ರಲ್ಲಿ ಪೇಟೆಂಟ್ ಪಡೆದಾಗ, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳ ಸಾಕ್ಷ್ಯವನ್ನೊಡ್ಡಿ ವಾದಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಗ್ರಂಥ ಓದಲಾರದ ಕೊರವಮ್ಮನೂ ಆ ವ್ಯಾಜ್ಯದಲ್ಲಿ ಒಳ್ಳೆಯ ಸಾಕ್ಷಿಯಾಗುತ್ತಿದ್ದಳು.

ಆದರೂ ಅರಿಶಿನ ಸರ್ವರಕ್ಷೆಯಲ್ಲ. ಅದು ಚರ್ಮದ ಮೇಲಿನ ಕೆಲವು ಕ್ರಿಮಿಗಳನ್ನು ತಡೆದೀತು; ಸೂಜಿಯ ಮೂಲಕ ರಕ್ತಕ್ಕೇ ಇಳಿದ ರೋಗವನ್ನು ತಡೆಯಲಾರದು. ಹಳೆಯ ಪದ್ಧತಿಯ ದೊಡ್ಡ ಲೋಪ ಇದ್ದದ್ದು ಇಲ್ಲಿಯೇ. ಗಾಯವನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರು ಸೂಜಿಯನ್ನು ನೋಡಲಿಲ್ಲ. ಇನ್ನೂ ಹಿಂದೆ ಜಾಲಿಯ ಮುಳ್ಳಿನಿಂದ ಚುಚ್ಚುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇದನ್ನು ಯೋಚಿಸಿದಷ್ಟೂ ನಮಗೆ ವಿಚಿತ್ರವೆನಿಸುತ್ತದೆ. ಮುಳ್ಳಿಗೆ ಬೆಲೆಯಿಲ್ಲ, ಮೊನೆ ಮೊಂಡಾದರೆ ಎಸೆದು ಇನ್ನೊಂದನ್ನು ಮುರಿದುಕೊಳ್ಳುತ್ತಾರೆ. ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣದಂಥ ಕಡೆಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ಸೂಜಿಗಳು ನಮ್ಮ ಸಂತೆಗಳಿಗೆ ಬಂದವು. ಸೂಜಿಗೆ ಬೆಲೆಯುಂಟು, ಬಾಳಿಕೆಯುಂಟು; ಅದನ್ನು ಎಸೆಯುವವರಿಲ್ಲ. ಉಪಕರಣ ಉತ್ತಮವಾದಷ್ಟೂ ಅದು ಹೆಚ್ಚು ಮೈಗಳನ್ನು ಹೊಕ್ಕು ಬಂತು.

ಇದರ ಅಪಾಯವನ್ನು ಲೋಕ ಅರಿತದ್ದು ತೀರ ಈಚೆಗೆ. ಎಡಿಸನ್ನನ ವಿದ್ಯುತ್ ಲೇಖನಿಯ ಮಾದರಿಯ ಮೇಲೆ ಹಚ್ಚೆಯ ಯಂತ್ರವೊಂದನ್ನು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ ಎಂಬಾತ 1891ರಲ್ಲಿ ಪೇಟೆಂಟ್ ಮಾಡಿಸಿದ. ಎಪ್ಪತ್ತು ವರ್ಷಗಳ ಬಳಿಕ ಅದೇ ನಗರವು, ಹಚ್ಚೆಯಂಗಡಿಗಳಿಂದ ಕಾಮಾಲೆ ಹರಡಿತೆಂಬ ಕಾರಣಕ್ಕೆ 1961ರಲ್ಲಿ ಹಚ್ಚೆಯನ್ನೇ ನಿಷೇಧಿಸಿತು. ಆ ನಿಷೇಧ ತೆರವಾದದ್ದು 1997ರಲ್ಲಿ. ಬಿ ಕಾಮಾಲೆಯ ವೈರಸ್ಸು ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲಿ, ಒಂದು ವಾರವಾದರೂ ಜೀವ ಹಿಡಿದಿರುತ್ತದೆ. ಒಂದು ಊರಿನಲ್ಲಿ ಚುಚ್ಚಿದ ಸೂಜಿ ಮುಂದಿನ ಸಂತೆಯ ದಿನಕ್ಕೆ ಇನ್ನೊಂದು ಊರು ಸೇರಲು ಅಷ್ಟು ಸಮಯ ಧಾರಾಳ. ಸಿ ಕಾಮಾಲೆಯ ವೈರಸ್ಸನ್ನು ಗುರುತಿಸಿದ್ದು 1989ರಲ್ಲಿ. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ. ನಮ್ಮ ಸೀಮೆಗೆ ಇನ್ನೂ ಹತ್ತಿರದ ನಿದರ್ಶನ ಛತ್ತೀಸಗಢದ್ದು. ಬೀದಿಬದಿಯಲ್ಲಿ ಹಚ್ಚೆ ಹಾಕಿಸಿಕೊಂಡವರಲ್ಲಿ, ಹಚ್ಚೆಯ ಗೆರೆಯ ಮೇಲೆಯೇ ಕುಷ್ಠದ ಮಚ್ಚೆ ಎದ್ದ 31 ಪ್ರಕರಣಗಳನ್ನು ಅಲ್ಲಿಯ ಚರ್ಮವೈದ್ಯರೊಬ್ಬರು 2002ರಲ್ಲಿ ಪ್ರಕಟಿಸಿದರು. ಕುಷ್ಠ ತಲೆದೋರುವುದು ವರ್ಷಗಳ ಮೇಲೆ. ಆ ವೇಳೆಗೆ ಸೂಜಿಯನ್ನು ನೆನೆಯುವವರು ಯಾರು?

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳದೆ ಮುಂದುವರಿಯಲಾರೆವು. ನಾವು ಮುಖ್ಯೋಪಾಧ್ಯಾಯರಾದ ಹೊಸತರಲ್ಲಿ, ಎಂಟನೆಯ ತರಗತಿಯ ನಾಲ್ವರು ಹುಡುಗರು ಹೊಲಿಗೆಯ ಒಂದೇ ಸೂಜಿಗೆ ದಾರ ಸುತ್ತಿ, ಪೆನ್ನಿನ ಮಸಿಗೆ ಚಿಮಣಿಯ ಕಾಡಿಗೆ ಬೆರೆಸಿ, ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಒಬ್ಬರಿಗೊಬ್ಬರು ಹಚ್ಚೆ ಹಾಕಿಕೊಂಡರು. ಚಲನಚಿತ್ರ ನಟನೊಬ್ಬನ ಹೆಸರಿನ ಮೊದಲ ಅಕ್ಷರ. ಅಕ್ಷರವೂ ತಪ್ಪು; ಒತ್ತು ಬಿಟ್ಟುಹೋಗಿತ್ತು. ನಾವು ಶಿಸ್ತಿನ ಅಭಿಮಾನದಲ್ಲಿ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಬೆತ್ತದ ರುಚಿ ತೋರಿಸಿದೆವು. ಕೈಗಳನ್ನು ತೊಳೆಸಲಿಲ್ಲ, ಆಸ್ಪತ್ರೆಗೆ ಕಳುಹಿಸಲಿಲ್ಲ, ಸೂಜಿ ಎಲ್ಲಿಯದೆಂದು ಕೇಳಲಿಲ್ಲ. ನಾಲ್ಕನೆಯ ದಿನ ಒಬ್ಬನ ತೋಳು ಬಾತು ಕೆಂಪೇರಿತು. ಕಂಕುಳಲ್ಲಿ ಗಂಟು, ಜ್ವರ. ರಾಯಚೂರಿಗೆ ಒಯ್ದು ಕೀವು ತೆಗೆಸಬೇಕಾಯಿತು. ಆ ವರ್ಷದ ಪರೀಕ್ಷೆ ಅವನ ಕೈತಪ್ಪಿತು. ಅವನ ತಾಯಿ ಶಾಲೆಗೆ ಬಂದಾಗ ಜಗಳಕ್ಕೆಂದೇ ಬಂದಳೆಂದು ತಿಳಿದೆವು. ಆಕೆ ಬಾಗಿಲ ಬಳಿ ನಿಂತು, "ಹೊಡದದ್ದಕ್ಕ ನಾ ಏನೂ ಅನ್ನಂಗಿಲ್ಲ ಸಾರ್. ಹೊಡಿಯೋ ಮುಂದ ಕೈ ಹಿಡಿದ್ರಿ, ಹಂಗೇ ಆ ಗಾಯನೂ ನೋಡಿದ್ರ ಚೊಲೋ ಇತ್ತು" ಎಂದಳು. ಬಿ.ಎಡ್. ತರಗತಿಯಲ್ಲಿ ಶಾಲಾ ಆರೋಗ್ಯದ ಪಾಠವನ್ನು ನಾವು ಓದಿ ಉತ್ತೀರ್ಣರಾಗಿದ್ದೆವು.

ಅಲ್ಲಿಂದೀಚೆಗೆ ಜಾತ್ರೆಗಳಿಗೆ ಹೋದಾಗಲೆಲ್ಲ ನಮ್ಮ ಕಣ್ಣು ಅತ್ತಲೇ ಹೋಗುತ್ತದೆ. ಕುರುಮೂರ್ತಿಯ ಜಾತ್ರೆಯಲ್ಲಿ, ಮಲ್ದಕಲ್ ತಿಮ್ಮಪ್ಪನ ಜಾತ್ರೆಯಲ್ಲಿ ಬಳೆಯಂಗಡಿಯ ಪಕ್ಕ ಹಚ್ಚೆಯವರು ಕೂರುತ್ತಾರೆ. ಕೊರವಮ್ಮನ ಬದಲು ತರುಣರು, ಕಟ್ಟಿದ ಸೂಜಿಗಳ ಬದಲು ಬ್ಯಾಟರಿಯ ಯಂತ್ರ. ಹಾಡಿಲ್ಲ, ಗುಂಯ್‌ಗುಡುವ ಸದ್ದು. ಒಮ್ಮೆ ನಾವು ಅರ್ಧ ತಾಸು ನಿಂತು ಎಣಿಸಿದೆವು: ಆರು ಜನ, ಒಂದೇ ಸೂಜಿ, ಒಂದೇ ಮಸಿಯ ಮುಚ್ಚಳ, ನಡುನಡುವೆ ಒಂದೇ ಚಿಂದಿಯಿಂದ ಒರೆಸುವುದು. ಕೆಲಸ ಮುಗಿದ ಮೇಲೆ ಒಂದು ಮಾತೂ ಇಲ್ಲ. ಏಳು ದಿನದ ಪಥ್ಯವಿಲ್ಲ, ಎಂಟನೆಯ ದಿನದ ಭೇಟಿಯಂತೂ ಇಲ್ಲವೇ ಇಲ್ಲ. ಹಳೆಯ ಪದ್ಧತಿಯಿಂದ ಅದರ ದೋಷವನ್ನು ಉಳಿಸಿಕೊಂಡು ಗುಣವನ್ನು ಬಿಟ್ಟಂತಾಗಿದೆ. ಪೊಲೀಸು, ಸೈನ್ಯದ ಭರ್ತಿಗೆ ಹೋಗುವ ಹುಡುಗರು ಆಮೇಲೆ ಪರಿತಪಿಸುವುದನ್ನೂ ಕಂಡಿದ್ದೇವೆ. ಭೂಸೈನ್ಯದಲ್ಲಿ ಮುಂಗೈಯ ಒಳಬದಿ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆಯ ಹಚ್ಚೆಗೆ ಸಾಮಾನ್ಯವಾಗಿ ಒಪ್ಪಿಗೆಯಿಲ್ಲ. ಅದನ್ನು ಅಳಿಸಲು ಸುಣ್ಣ, ಸೋಡಾ ತಿಕ್ಕಿಕೊಂಡು ಚರ್ಮವನ್ನೇ ಸುಟ್ಟುಕೊಂಡವನೊಬ್ಬ ನಮ್ಮ ಹಳೆಯ ವಿದ್ಯಾರ್ಥಿ.

ಕಳೆದ ವರ್ಷ ಈ ವಿಷಯ ನಮ್ಮ ಮನೆಯ ಬಾಗಿಲನ್ನೇ ತಟ್ಟಿತು. ನಮ್ಮ ಅಕ್ಕನ ಮೊಮ್ಮಗಳು ಹೈದರಾಬಾದಿನಲ್ಲಿ ಉದ್ಯೋಗದಲ್ಲಿದ್ದಾಳೆ. ಯಂತ್ರವಿಲ್ಲದೆ ಕೈಯಿಂದಲೇ ಚುಕ್ಕೆಚುಕ್ಕೆಯಾಗಿ ಚುಚ್ಚುವ ಹಚ್ಚೆಯ ರೂಢಿ ಪಟ್ಟಣಗಳಲ್ಲಿ ಮತ್ತೆ ಬಂದಿದೆಯಂತೆ. ಅಜ್ಜಿಯ ಕೈಯ ತುಳಸಿಕಟ್ಟೆಯನ್ನು ತನ್ನ ಕೈಯಲ್ಲಿ ಹಾಗೆಯೇ ಬರೆಸಿಕೊಳ್ಳಬೇಕೆಂದು ಆಕೆಯ ಆಸೆ. ಮನೆಯಲ್ಲಿ ಚರ್ಚೆ ನಡೆಯಿತು. ಆಕೆಯ ತಂದೆಗೆ ಇದು ಅನಾಗರಿಕವೆನಿಸಿತು. ನಾವು ಬೇಡವೆನ್ನಲಿಲ್ಲ, ಒಂದು ಕಾಗದ ಬರೆದೆವು. ಇದೇ ದಾರಿ ಹಿಡಿಯುವ ಇತರ ಮಕ್ಕಳು ಸಂಘದ ಬಂಧುಗಳ ಮನೆಗಳಲ್ಲಿಯೂ ಇರುವರಾದ್ದರಿಂದ ಅದರ ಸಾರವನ್ನು ಇಲ್ಲಿ ಕೊಡುತ್ತೇವೆ.

ಸೂಜಿ ಮೊಹರಾದ ಪೊಟ್ಟಣದಿಂದ ನಿನ್ನ ಕಣ್ಣೆದುರೇ ಹೊರಬರಬೇಕು, ನಿನ್ನ ಕೆಲಸ ಮುಗಿದೊಡನೆ ನಿನ್ನ ಕಣ್ಣೆದುರೇ ಮುರಿದು ಡಬ್ಬಿಗೆ ಬೀಳಬೇಕು. ದೀಪಕ್ಕೆ ಹಿಡಿದೆ, ಬಿಸಿನೀರಿನಲ್ಲಿ ಅದ್ದಿದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ ಎಂದರೆ ಒಪ್ಪಬೇಡ. ಧನುರ್ವಾಯುವಿನ ಬೀಜಾಣು ಕುದಿವ ನೀರಿಗೂ ಜಗ್ಗುವುದಿಲ್ಲ. ಬೇರೆ ಉಪಕರಣಗಳೇನಿದ್ದರೂ ಒತ್ತಡದ ಹಬೆಯಲ್ಲಿ, 121 ಡಿಗ್ರಿಯಲ್ಲಿ, ಹದಿನೈದಿಪ್ಪತ್ತು ನಿಮಿಷ ಬೆಂದಿರಬೇಕು. ಸೂಜಿ ಹೊಸದಾಗಿ ಮಸಿ ಹಳೆಯದಾದರೆ ಪ್ರಯೋಜನವಿಲ್ಲ. ಇನ್ನೊಬ್ಬರಿಗಾಗಿ ಸುರಿದಿಟ್ಟ ಮಸಿಯಲ್ಲಿ ನಿನ್ನ ಸೂಜಿ ಅದ್ದಬಾರದು. ಬಿ ಕಾಮಾಲೆಯ ಮೂರು ಚುಚ್ಚುಮದ್ದುಗಳು ಪೂರ್ತಿಯಾಗಿವೆಯೇ, ಧನುರ್ವಾಯುವಿನ ಚುಚ್ಚುಮದ್ದು ಎಂದು ಆದದ್ದು, ನೋಡಿಕೋ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗುವ ಔಷಧ ತೆಗೆದುಕೊಳ್ಳುವವರು, ಗಾಯ ಮಾಯ್ದಲ್ಲಿ ಚರ್ಮ ಗಂಟುಗಟ್ಟುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಗರ್ಭಿಣಿಯರು ಕಾಯುವುದು ಲೇಸು.

ಆಮೇಲಿನದು ಕೊರವಮ್ಮನ ಶಾಸ್ತ್ರವೇ, ಎರಡು ತಿದ್ದುಪಡಿಗಳೊಡನೆ. ಮೊದಲ ತಿದ್ದುಪಡಿ: ನೀರೇ ಬೇಡವೆಂದಲ್ಲ. ಸಾಬೂನಿನಿಂದ ನಿನ್ನ ಕೈ ತೊಳೆದು, ಶುದ್ಧ ನೀರು ಮತ್ತು ಸೌಮ್ಯ ಸಾಬೂನಿನಿಂದ ಗಾಯವನ್ನು ದಿನಕ್ಕೆ ಒಂದೆರಡು ಬಾರಿ ಹಗುರವಾಗಿ ತೊಳೆದು, ಒತ್ತಿ ಒಣಗಿಸು, ಉಜ್ಜಬೇಡ. ನದಿ, ಕೆರೆ, ಈಜುಕೊಳ ಎರಡು ಮೂರು ವಾರ ಬೇಡ. ಎರಡನೆಯದು ಅರಿಶಿನ. ಅಜ್ಜಿಯ ಕಾಲದ್ದು ಮನೆಯಲ್ಲಿ ಕುಟ್ಟಿದ ಕೊಂಬು. ಅಂಗಡಿಯ ಪುಡಿಗೆ ಬಣ್ಣ ಬೆರೆಸುವವರಿದ್ದಾರೆ. ಒರಟು ಪುಡಿ ಹಸಿಗಾಯದಲ್ಲಿ ಸಿಕ್ಕಿಯೂ ಬೀಳುತ್ತದೆ. ವೈದ್ಯರು ಹೇಳಿದ ಮುಲಾಮನ್ನು ತೆಳ್ಳಗೆ ಹಚ್ಚು. ದಪ್ಪಗೆ ಮೆತ್ತಿದರೆ ಗಾಯಕ್ಕೆ ಉಸಿರಿಲ್ಲ. ತುರಿಸುತ್ತದೆ, ಕೆರೆಯಬೇಡ. ಬಿಸಿಲಿಗೆ ಹಿಡಿಯಬೇಡ. ಮೊದಲ ಎರಡು ದಿನದ ಕೆಂಪು, ನೋವು ಸಹಜ. ಮೂರನೆಯ ದಿನದ ಮೇಲೆ ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ, ತೋಳಿನುದ್ದಕ್ಕೆ ಕೆಂಪು ಗೆರೆ ಎದ್ದರೆ ಅಂದೇ ಆಸ್ಪತ್ರೆ. ದವಡೆ ಬಿಗಿದಂತಾದರೆ ಒಂದು ಗಳಿಗೆಯೂ ತಡಮಾಡಬಾರದು. ಹಚ್ಚೆಯ ಜಾಗ ವರ್ಷಗಳ ಮೇಲೆ ಮಾಸಿ ಜೋಮು ಹಿಡಿದರೆ, ಗಂಟೆದ್ದರೆ, ಹಚ್ಚೆಯ ಮಾತನ್ನು ವೈದ್ಯರಿಗೆ ನೆನೆದು ಹೇಳು. ರಕ್ತದಾನಕ್ಕೆ ಹೋದಲ್ಲಿಯೂ ಮುಚ್ಚಿಡಬೇಡ. ಹೊಸ ಹಚ್ಚೆಯವರಿಂದ ಕೆಲಕಾಲ ರಕ್ತ ತೆಗೆದುಕೊಳ್ಳುವುದಿಲ್ಲ, ಆ ನಿಯಮ ಇನ್ನೊಬ್ಬರ ಜೀವಕ್ಕಾಗಿ.

ಮಗು ಎಲ್ಲವನ್ನೂ ಪಾಲಿಸಿತು. ಪೊಟ್ಟಣದ ಚಿತ್ರವನ್ನೂ ಒಂಬತ್ತನೆಯ ದಿನದ ಕೈಯ ಚಿತ್ರವನ್ನೂ ದೂರವಾಣಿಯಲ್ಲಿ ಕಳುಹಿಸಿತು. ಎಂಬತ್ತು ದಾಟಿದ ಅಕ್ಕ ಕನ್ನಡಕ ಏರಿಸಿ ನೋಡಿ, "ತುಳಸಿಕಟ್ಟೆಯ ಮೆಟ್ಟಿಲು ಒಂದು ಕಡಿಮಿ ಹಾಕ್ಯಾರ" ಎಂದಷ್ಟೇ ಅಂದಳು.

ಈ ಲೇಖನಕ್ಕಾಗಿ ಮಕ್ತಲಿನ ಹೊರಗೇರಿಗೆ ಹೋಗಿ ವಿಚಾರಿಸಿದೆವು. ಕೊರವಮ್ಮ ತೀರಿಕೊಂಡು ಬಹಳ ಕಾಲವಾಗಿದೆ. ಆಕೆಯ ಸೊಸೆ, ನಮ್ಮಷ್ಟೇ ವಯಸ್ಸಿನವಳು, ಈಚಲ ಕಸಬರಿಗೆ ಕಟ್ಟುತ್ತ ಕೂತಿದ್ದಳು. ಮನೆಯಲ್ಲಿ ಈಗ ಹಚ್ಚೆ ಹಾಕುವವರಿಲ್ಲ. ಮಕ್ಕಳು ಓದಿದ್ದಾರೆ, ಅವರಿಗೆ ಅದರ ಹೆಸರೆತ್ತಿದರೆ ನಾಚಿಕೆ. ಅತ್ತೆಯ ತಗಡಿನ ಡಬ್ಬಿಯೊಂದನ್ನು ಒಳಗಿನಿಂದ ತಂದು ತೋರಿಸಿದಳು. ಒಳಗೆ ತುಕ್ಕು ಹಿಡಿದ ಏಳೆಂಟು ಸೂಜಿ, ಸುತ್ತಿದ ದಾರ. "ಅವ್ವ, ಸೂಜಿ ಮನಿಮನಿಗೂ ಬ್ಯಾರೆ ಇರ್ತಿದ್ದವೇನು?" ಎಂದು ಕೇಳಿದೆವು.

"ನಿಮ್ಮಂಥವರ ಮನ್ಯಾಗ ಹೊಸಾವು ಕೊಡ್ತಿದ್ರು ಮಾಸ್ತರ್ರ. ಮುಟ್ಟು ಅಂತಿದ್ರಲ್ಲ. ಅವನ್ನ ಒಗೀತಿದ್ದಿಲ್ಲ. ಆಗ ಸೂಜಿ ಅಂದ್ರ ರೊಕ್ಕ. ಆಮ್ಯಾಲ ಕೇರಿ ಹುಡುಗ್ಯಾರಿಗೆಲ್ಲ ಅವೇ ಸೂಜಿ."

ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂದು ಅಂಗಳದ ಅಂಚಿನಲ್ಲಿ ನಿಂತಿದ್ದ ಹುಡುಗಿ ನೆನಪಾದಳು. ಎಂಟನೆಯ ದಿನ ಕೊರವಮ್ಮ ಅಕ್ಕನ ಕೈ ನೋಡಿ, ಜೋಳ, ಸೀರೆ, ಆ ನಾಲ್ಕು ಸೂಜಿ ಕಟ್ಟಿಕೊಂಡು ಕೇರಿಯ ಕಡೆಗೆ ಹೊರಟಾಗ ಆ ಹುಡುಗಿ ಹಿಂದೆಯೇ ಹೋಗಿದ್ದಳು, ಉಡಿಯಲ್ಲಿ ಒಂದು ಹಿಡಿ ಜೋಳ ಕಟ್ಟಿಕೊಂಡು. ಮರುದಿನ ಕೆಲಸಕ್ಕೆ ಬಂದಾಗ ಅವಳ ಗಲ್ಲದ ಮೇಲೆ ಒಂದೇ ಒಂದು ಚುಕ್ಕೆ ಇತ್ತು. ಒಂದು ಹಿಡಿ ಜೋಳಕ್ಕೆ ಬರುತ್ತಿದ್ದದ್ದು ಅಷ್ಟೇ. ಅಂದು ಅವಳು ನಮ್ಮ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿದಳು.